ಸಮೀಕರಣಗಳನ್ನು ಕೂಡಿಸೋದು ನಾನು ಕಲಿತ ಬಗೆ

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ನೈಟ್ರಿಕ್ ಆಮ್ಲ ತಯಾರಿಸುವ ಘಟಕ. ಒಂದು ಬೆಳಿಗ್ಗೆ ಹಿರಿಯ ಕೆಮಿಸ್ಟ್ ಕರೆದು, "17 ಕಿಲೋ ಅಮೋನಿಯ ಹಾಕಿದ್ರೆ ಎಷ್ಟು ಆಮ್ಲ ಬರಬೇಕು? ನಷ್ಟ ಏನೂ ಇಲ್ಲ ಅಂತ ಇಟ್ಕೊಂಡು ಲೆಕ್ಕ ಹಾಕಿ ತನ್ನಿ" ಅಂದರು.

ಸುಲಭದ ಕೆಲಸ ಅನ್ನಿಸಿತು. ಅಮೋನಿಯದಿಂದ ನೈಟ್ರಿಕ್ ಆಮ್ಲ ಮಾಡೋ ಮೂರು ಹಂತ ಬಾಯಿಪಾಠವಾಗಿತ್ತು. 1902ರಲ್ಲಿ ವಿಲ್ಹೆಲ್ಮ್ ಆಸ್ಟ್‌ವಾಲ್ಡ್ ಪೇಟೆಂಟ್ ಪಡೆದ ವಿಧಾನ ಅದು, ಇವತ್ತಿಗೂ ಅದೇ ನಡೆಯುತ್ತಿದೆ. ಇಲ್ಲಿ ಸೂತ್ರದ ಬದಲು ಹೆಸರನ್ನೇ ಬರೆಯುತ್ತೇನೆ. ಹೆಸರಿನ ಮುಂದಿರುವ ಅಂಕಿ ಎಷ್ಟು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಅನ್ನೋದನ್ನು ಹೇಳುತ್ತದೆ.

4 ಅಮೋನಿಯ + 5 ಆಮ್ಲಜನಕ → 4 ನೈಟ್ರಿಕ್ ಆಕ್ಸೈಡ್ + 6 ನೀರು
2 ನೈಟ್ರಿಕ್ ಆಕ್ಸೈಡ್ + ಆಮ್ಲಜನಕ → 2 ನೈಟ್ರೋಜನ್ ಡೈಆಕ್ಸೈಡ್
3 ನೈಟ್ರೋಜನ್ ಡೈಆಕ್ಸೈಡ್ + ನೀರು → 2 ನೈಟ್ರಿಕ್ ಆಮ್ಲ + ನೈಟ್ರಿಕ್ ಆಕ್ಸೈಡ್

ನಾನು ಮಾಡಿದ್ದು ಇಷ್ಟು. ಮೊದಲನೇ ಹಂತದಲ್ಲಿ ಹುಟ್ಟಿದ್ದೆಲ್ಲ ಎರಡನೆಯದಕ್ಕೆ ಹೋಗಬೇಕು, ಎರಡನೆಯದರಲ್ಲಿ ಹುಟ್ಟಿದ್ದೆಲ್ಲ ಮೂರನೆಯದಕ್ಕೆ ಹೋಗಬೇಕು. ಹಾಗಾಗಿ ಮೊದಲನೆಯದನ್ನು 3ರಿಂದ, ಎರಡನೆಯದನ್ನು 6ರಿಂದ, ಮೂರನೆಯದನ್ನು 4ರಿಂದ ಗುಣಿಸಿದೆ. ಎಲ್ಲ ಕಡೆ 12 ಬಂತು. ಕೂಡಿಸಿ, ಎರಡೂ ಕಡೆ ಇದ್ದದ್ದನ್ನು ಹೊಡೆದು ಹಾಕಿದೆ.

12 ಅಮೋನಿಯ + 21 ಆಮ್ಲಜನಕ → 8 ನೈಟ್ರಿಕ್ ಆಮ್ಲ + 4 ನೈಟ್ರಿಕ್ ಆಕ್ಸೈಡ್ + 14 ನೀರು

ಪರಮಾಣುಗಳನ್ನು ಎಣಿಸಿ ನೋಡಿದೆ. ಸಾರಜನಕ 12 ಮತ್ತು 12. ಜಲಜನಕ 36 ಮತ್ತು 36. ಆಮ್ಲಜನಕ 42 ಮತ್ತು 42. ಎಲ್ಲ ಸರಿ ಇದೆ. ಒಂದು ಮೋಲ್ ಅಮೋನಿಯ 17 ಗ್ರಾಂ, ಒಂದು ಮೋಲ್ ಆಮ್ಲ 63 ಗ್ರಾಂ. 12 ಅಮೋನಿಯಕ್ಕೆ 8 ಆಮ್ಲ, ಅಂದರೆ 17 ಕಿಲೋಗೆ 42 ಕಿಲೋ. ಬರೆದುಕೊಂಡು ಹೋಗಿ ಕೊಟ್ಟೆ.

ಅವರು ಹಾಳೆ ನೋಡಿದರು. ಗುಣಾಕಾರ ತಿದ್ದಲಿಲ್ಲ. ಪೆನ್ಸಿಲ್ ತಗೊಂಡು ಬಲಗಡೆಯ ಆ 4 ನೈಟ್ರಿಕ್ ಆಕ್ಸೈಡಿನ ಸುತ್ತ ಒಂದು ಸುತ್ತು ಹಾಕಿ, "ಇದು ಎಲ್ಲಿ ಹೋಯ್ತು?" ಅಂತ ಕೇಳಿದರು.

"ಹೊರಗೆ ಬಂತು ಸರ್."

"ಹೊರಗೆ ಅಂದ್ರೆ? ಅದು ಹುಟ್ಟೋದು ಗೋಪುರದ ಒಳಗೆ. ಅಲ್ಲಿ ಗಾಳಿ ಇದೆ ಅಲ್ವಾ? ಗಾಳಿ ಸಿಕ್ಕಿದ್ರೆ ಅದು ಸುಮ್ನೆ ಇರುತ್ತಾ?"

ಇರೋದಿಲ್ಲ. ಅದು ಮತ್ತೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ಮತ್ತೆ ನೀರಿನ ಜೊತೆ ಸೇರುತ್ತದೆ, ಮತ್ತೆ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ, ಅದೂ ಮತ್ತೆ ಸುತ್ತುತ್ತದೆ. ಹೀರಿಕೆ ಗೋಪುರ ಅಷ್ಟು ಎತ್ತರ ಇರೋದೇ ಈ ಸುತ್ತಾಟಕ್ಕೆ ಸಮಯ ಸಿಗಲಿ ಅಂತ. ನಾನು ದಿನಾ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆ. ಹಾಳೆಯ ಮೇಲೆ ಮಾತ್ರ ಅದನ್ನು ಒಂದೇ ದಿಕ್ಕಿಗೆ ಹರಿಯುವ ಕಾಲುವೆ ಥರ ಬರೆದಿದ್ದೆ.

ವಾಪಸ್ ಬಂದು ಮತ್ತೆ ಕೂತೆ. ಈ ಸಲ ಬೇರೆ ಥರ ಯೋಚಿಸಿದೆ. ಕೊನೆಗೆ ಏನು ಉಳಿಯಬಾರದು? ನೈಟ್ರಿಕ್ ಆಕ್ಸೈಡ್ ಉಳಿಯಬಾರದು, ನೈಟ್ರೋಜನ್ ಡೈಆಕ್ಸೈಡೂ ಉಳಿಯಬಾರದು. ಮೊದಲನೇ ಹಂತ ಒಂದು ಸಲ ನಡೆಯಲಿ. ಎರಡನೆಯದು ಎಷ್ಟು ಸಲ, ಮೂರನೆಯದು ಎಷ್ಟು ಸಲ ನಡೆಯಬೇಕು ಅನ್ನೋದಷ್ಟೇ ಪ್ರಶ್ನೆ.

ಡೈಆಕ್ಸೈಡ್ ಎರಡನೆಯದರಲ್ಲಿ ಸಲಕ್ಕೆ 2 ಹುಟ್ಟುತ್ತದೆ, ಮೂರನೆಯದರಲ್ಲಿ ಸಲಕ್ಕೆ 3 ಖರ್ಚಾಗುತ್ತದೆ. ಹಾಗಾದರೆ ಎರಡನೆಯದು 3 ಸಲ ನಡೆದರೆ ಮೂರನೆಯದು 2 ಸಲ ನಡೆಯಬೇಕು. ಈಗ ನೈಟ್ರಿಕ್ ಆಕ್ಸೈಡ್ ನೋಡೋಣ. ಮೊದಲನೆಯದರಿಂದ 4 ಬಂತು. ಮೂರನೆಯದು 2 ಸಲ ನಡೆದರೆ ಅದರಿಂದ 2 ಬಂತು. ಒಟ್ಟು 6. ಎರಡನೆಯದು 3 ಸಲ ನಡೆದರೆ ಖರ್ಚಾಗೋದು 6. ಸರಿಹೋಯಿತು.

4 ಅಮೋನಿಯ + 8 ಆಮ್ಲಜನಕ → 4 ನೈಟ್ರಿಕ್ ಆಮ್ಲ + 4 ನೀರು

ನಾಲ್ಕರಿಂದ ಭಾಗಿಸಿದರೆ:

ಅಮೋನಿಯ + 2 ಆಮ್ಲಜನಕ → ನೈಟ್ರಿಕ್ ಆಮ್ಲ + ನೀರು

17 ಕಿಲೋ ಅಮೋನಿಯಕ್ಕೆ 63 ಕಿಲೋ ಆಮ್ಲ. 42 ಅಲ್ಲ. ನಿಜವಾದ ಘಟಕದಲ್ಲಿ ಅಷ್ಟು ಪೂರ್ತಿ ಬರೋದಿಲ್ಲ. ಮೊದಲನೇ ಹಂತ ನಡೆಯುವ ಪ್ಲಾಟಿನಂ ಜಾಲರಿಯ ಮೇಲೇ ಸ್ವಲ್ಪ ಅಮೋನಿಯ ಸಾರಜನಕವಾಗಿ ಹಾಳಾಗುತ್ತದೆ, ಚಿಮಣಿಯಿಂದಲೂ ಸ್ವಲ್ಪ ಹೋಗುತ್ತದೆ. ಆದರೆ ನಷ್ಟ ಎಷ್ಟು ಅಂತ ಅಳೆಯೋದು 63ರಿಂದ. 42 ಇಟ್ಟುಕೊಂಡು ಕೂತಿದ್ದರೆ ಘಟಕ ಸಾಕಷ್ಟು ಕೆಟ್ಟದಾಗಿ ನಡೆದರೂ ನಮಗೆ ಲಾಭದಲ್ಲಿರುವ ಹಾಗೆಯೇ ಕಾಣುತ್ತಿತ್ತು.

ಈ ಒಂದು ಸಾಲು ಇನ್ನೊಂದು ವಿಷಯವನ್ನೂ ಹೇಳುತ್ತದೆ. 63 ಕಿಲೋ ಆಮ್ಲದ ಜೊತೆ 18 ಕಿಲೋ ನೀರೂ ಹುಟ್ಟುತ್ತದೆ. ಹೊರಗಿನಿಂದ ಒಂದು ಹನಿ ನೀರು ಸೇರಿಸದಿದ್ದರೂ, ಹುಟ್ಟಿದ ನೀರನ್ನು ಬೇರೆ ಮಾಡದ ಹೊರತು ಆಮ್ಲ 78 ಶೇಕಡಾಕ್ಕಿಂತ ಗಟ್ಟಿಯಾಗಲು ಸಾಧ್ಯವಿಲ್ಲ. ಮೂರು ಹಂತಗಳನ್ನು ಬೇರೆ ಬೇರೆ ನೋಡುತ್ತಾ ಇದ್ದರೆ ಈ ಮಿತಿ ಕಣ್ಣಿಗೇ ಬೀಳೋದಿಲ್ಲ.

ಅವತ್ತಿನಿಂದ ನನಗೆ ಗುಣಿಸುವ ಅಂಕಿ ಅಂದರೆ "ಈ ಹಂತ ಎಷ್ಟು ಸಲ ನಡೀಬೇಕು" ಅಂತಲೇ ಅರ್ಥ. ಎರಡು ಕಡೆಯ ಅಂಕಿಗಳನ್ನು ಹೊಂದಿಸೋ ಕೈಚಳಕ ಅಲ್ಲ ಅದು. ಯಾವ ವಸ್ತು ಸೊನ್ನೆ ಆಗಬೇಕು ಅನ್ನೋದನ್ನು ನಾನೇ ತೀರ್ಮಾನ ಮಾಡಬೇಕು, ಅದೂ ಪಾತ್ರೆಯ ಒಳಗೆ ಏನಾಗುತ್ತಿದೆ ಅನ್ನೋದನ್ನು ನೋಡಿ. ಗಣಿತ ಆಮೇಲೆ ಬರುತ್ತದೆ.

ಈಗ ನಾನು ಮಾಡೋದು ಜಮಾ-ಖರ್ಚಿನ ಪಟ್ಟಿ. ಎಡಗಡೆ ಸಾಲಾಗಿ ವಸ್ತುಗಳ ಹೆಸರು. ಒಂದೊಂದು ಸಮೀಕರಣಕ್ಕೆ ಒಂದೊಂದು ಕಂಬ. ಖರ್ಚಾಗೋದಕ್ಕೆ ಮೈನಸ್, ಹುಟ್ಟೋದಕ್ಕೆ ಪ್ಲಸ್. ಮೇಲಿನ ಲೆಕ್ಕಕ್ಕೆ ಅದು ಹೀಗಿರುತ್ತದೆ:

ಅಮೋನಿಯ: −4, 0, 0
ಆಮ್ಲಜನಕ: −5, −1, 0
ನೈಟ್ರಿಕ್ ಆಕ್ಸೈಡ್: +4, −2, +1
ನೈಟ್ರೋಜನ್ ಡೈಆಕ್ಸೈಡ್: 0, +2, −3
ನೀರು: +6, 0, −1
ನೈಟ್ರಿಕ್ ಆಮ್ಲ: 0, 0, +2

ಕಂಬಗಳ ನೆತ್ತಿಯ ಮೇಲೆ 1, 3, 2 ಅಂತ ಬರೆದು, ಪ್ರತಿ ಸಾಲನ್ನೂ ಗುಣಿಸಿ ಕೂಡಿಸಿದರೆ ಉತ್ತರ ತಾನಾಗಿ ಬರುತ್ತದೆ. ನೀರಿಗೆ 6 − 2, ಅಂದರೆ +4. ಆಮ್ಲಜನಕಕ್ಕೆ −5 − 3, ಅಂದರೆ −8. ಹೊಡೆದು ಹಾಕುವ ಗೋಜೇ ಇಲ್ಲ. ಉದ್ದನೆಯ ಸಮೀಕರಣ ಬರೆದು ಎರಡೂ ಕಡೆ ಅಡ್ಡಗೆರೆ ಎಳೆಯುವಾಗ 6 ನೀರಿನಲ್ಲಿ 2 ಹೋದರೆ ಎಷ್ಟು ಉಳಿಯಿತು ಅನ್ನೋದೇ ಜಾಸ್ತಿ ತಪ್ಪುವ ಜಾಗ. ಪಟ್ಟಿಯಲ್ಲಿ ಆ ತಪ್ಪು ಆಗೋದು ಕಡಿಮೆ.

ಎಲ್ಲಿಂದ ಶುರು ಮಾಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ಬೇಡದ ವಸ್ತುಗಳಲ್ಲಿ ಎರಡೇ ಸಮೀಕರಣಗಳಲ್ಲಿ ಕಾಣಿಸಿಕೊಳ್ಳುವ ಒಂದನ್ನು ಹುಡುಕಿ. ಇಲ್ಲಿ ನೈಟ್ರೋಜನ್ ಡೈಆಕ್ಸೈಡ್ ಹಾಗಿತ್ತು. ಅದು ಆ ಎರಡು ಸಮೀಕರಣಗಳ ಅನುಪಾತವನ್ನು ಗಟ್ಟಿ ಮಾಡಿಬಿಡುತ್ತದೆ. ಆಮ್ಲಜನಕ, ನೀರು ಥರ ಎಲ್ಲ ಕಡೆ ಮುಖ ತೋರಿಸುವ ವಸ್ತುಗಳನ್ನು ಕೊನೆಗೆ ಬಿಡಿ, ಅವು ಉಳಿದದ್ದರ ಜೊತೆ ತಾವೇ ಸರಿಹೋಗುತ್ತವೆ.

ಒಂದೇ ಹಂತಗಳಿಂದ ಎರಡು ಬೇರೆ ಬೇರೆ ಒಟ್ಟು ಕ್ರಿಯೆ ಬರಬಹುದು, ಎರಡೂ ಸರಿಯೇ ಆಗಿರಬಹುದು. ಇದು ನನಗೆ ಅರ್ಥವಾಗಿದ್ದು ಕಬ್ಬಿಣದ ಊದುಕುಲುಮೆಯ ಲೆಕ್ಕದಲ್ಲಿ. ಇಬ್ಬರು ವಿದ್ಯಾರ್ಥಿಗಳು ಎರಡು ಉತ್ತರ ತಂದು, ಯಾರದ್ದು ಸರಿ ಅಂತ ಕೇಳಿದ್ದರು. ಹಂತಗಳು ಇವು:

ಇಂಗಾಲ + ಆಮ್ಲಜನಕ → ಕಾರ್ಬನ್ ಡೈಆಕ್ಸೈಡ್
ಕಾರ್ಬನ್ ಡೈಆಕ್ಸೈಡ್ + ಇಂಗಾಲ → 2 ಕಾರ್ಬನ್ ಮಾನಾಕ್ಸೈಡ್
ಕಬ್ಬಿಣದ ಆಕ್ಸೈಡ್ + 3 ಕಾರ್ಬನ್ ಮಾನಾಕ್ಸೈಡ್ → 2 ಕಬ್ಬಿಣ + 3 ಕಾರ್ಬನ್ ಡೈಆಕ್ಸೈಡ್

ಒಬ್ಬ ಮೂರನ್ನೂ ಸೇರಿಸಿದ್ದ. ಗುಣಿಸಿದ ಅಂಕಿಗಳು 3, 3, 2. ಅವನ ಉತ್ತರ:

2 ಕಬ್ಬಿಣದ ಆಕ್ಸೈಡ್ + 6 ಇಂಗಾಲ + 3 ಆಮ್ಲಜನಕ → 4 ಕಬ್ಬಿಣ + 6 ಕಾರ್ಬನ್ ಡೈಆಕ್ಸೈಡ್

ಇನ್ನೊಬ್ಬಳು ಮೊದಲನೇ ಹಂತವನ್ನು ಮುಟ್ಟಿರಲೇ ಇಲ್ಲ. ಎರಡನೇ ಹಂತಕ್ಕೆ ಬೇಕಾದ ಡೈಆಕ್ಸೈಡ್ ಮೂರನೇ ಹಂತದಿಂದಲೇ ಸಿಗುತ್ತದಲ್ಲ, ಗಾಳಿ ಯಾಕೆ ಅನ್ನೋದು ಅವಳ ವಾದ. ಅವಳ ಅಂಕಿಗಳು 0, 3, 2.

2 ಕಬ್ಬಿಣದ ಆಕ್ಸೈಡ್ + 3 ಇಂಗಾಲ → 4 ಕಬ್ಬಿಣ + 3 ಕಾರ್ಬನ್ ಡೈಆಕ್ಸೈಡ್

ಪರಮಾಣು ಎಣಿಸಿದರೆ ಎರಡೂ ಸರಿ. ಆಗ ನಾನು ಮಾಡಿದ್ದು ಒಂದರಿಂದ ಇನ್ನೊಂದನ್ನು ಕಳೆಯೋದು. ಉಳಿದದ್ದು ಮೂರು ಇಂಗಾಲ ಮೂರು ಆಮ್ಲಜನಕದ ಜೊತೆ ಉರಿದು ಮೂರು ಡೈಆಕ್ಸೈಡ್ ಆಗೋದು. ಅಷ್ಟೇ. ಇಬ್ಬರ ಉತ್ತರಕ್ಕೂ ಇರುವ ವ್ಯತ್ಯಾಸ ಸುಮ್ಮನೆ ಉರಿದ ಕೋಕ್, ಅಂದರೆ ಕುಲುಮೆಗೆ ಹಾಕುವ ಇಂಗಾಲ.

ಸುಮ್ಮನೆ ಅಂದೆ, ಆದರೆ ಅದೇ ಮುಖ್ಯ. ಶಾಖದ ಲೆಕ್ಕ ಹಾಕಿದರೆ ಎರಡನೇ ಉತ್ತರದ ಕ್ರಿಯೆ ಸುಮಾರು 468 ಕಿಲೋಜೌಲ್ ಶಾಖ ಹೀರುತ್ತದೆ. ಮೊದಲನೆಯದು ಸುಮಾರು 713 ಕಿಲೋಜೌಲ್ ಶಾಖ ಕೊಡುತ್ತದೆ. ಗಾಳಿ ಊದದೆ, ಹೊರಗಿನಿಂದ ಶಾಖ ಕೊಡದೆ ಆ ಹುಡುಗಿಯ ಕುಲುಮೆ ತಣ್ಣಗಾಗಿ ನಿಂತುಬಿಡುತ್ತದೆ. ಅದಕ್ಕೇ ಅದರ ಹೆಸರು ಊದುಕುಲುಮೆ. ನಿಜವಾದ ಕುಲುಮೆ ಇವೆರಡರಲ್ಲಿ ಯಾವುದೂ ಅಲ್ಲ. ಅದರ ಬಾಯಿಯಿಂದ ಬರುವ ಅನಿಲದಲ್ಲಿ ಉರಿಯದ ಮಾನಾಕ್ಸೈಡೂ ಸಾಕಷ್ಟು ಇರುತ್ತದೆ. ಆದರೆ ಅವಳ ಪ್ರಶ್ನೆ ತುಂಬಾ ಚೆನ್ನಾಗಿತ್ತು. ಆ ಡೈಆಕ್ಸೈಡನ್ನು ಸೊನ್ನೆ ಮಾಡಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಸೊನ್ನೆ ಮಾಡಬೇಕಾದ ವಸ್ತು ಒಂದೇ ಇದ್ದು, ಹಂತಗಳು ಮೂರಿದ್ದರೆ, ಉತ್ತರ ಒಂದೇ ಆಗಿರಬೇಕಾಗಿಲ್ಲ. ಈಗ ಯಾರಾದರೂ "ನನ್ನ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದ್ತಾ ಇಲ್ಲ" ಅಂದರೆ ಮೊದಲು ಕಳೆದು ನೋಡಿ ಅನ್ನುತ್ತೇನೆ. ಉಳಿಯೋದು ತಾನೇ ಒಂದು ಅರ್ಥವಿರುವ ಕ್ರಿಯೆ ಆಗಿದ್ದರೆ ಎರಡು ದಾರಿ ಇವೆ ಅಂತ. ಸರಿದೂಗದ ಏನೋ ಉಳಿದರೆ ಎಲ್ಲೋ ಕೂಡಿಕೆ ತಪ್ಪಿದೆ ಅಂತ.

ಶಾಖದ ಮಾತು ಬಂತು. ಸಮೀಕರಣಗಳನ್ನು ಕೂಡಿಸೋದರ ನಿಜವಾದ ಬಲ ಇರೋದು ಅಲ್ಲೇ. 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಜರ್ಮೇನ್ ಹೆಸ್ ಇದನ್ನು ಹೇಳಿದರು. ಯಾವ ದಾರಿಯಲ್ಲಿ ಹೋದರೂ ಹೊರಟ ಜಾಗ ಮತ್ತು ಮುಟ್ಟಿದ ಜಾಗ ಒಂದೇ ಆಗಿದ್ದರೆ ಒಟ್ಟು ಶಾಖವೂ ಒಂದೇ. ಶಕ್ತಿ ಸಂರಕ್ಷಣೆಯ ನಿಯಮ ಇನ್ನೂ ಗಟ್ಟಿಯಾಗಿ ನೆಲೆ ನಿಲ್ಲುವ ಮೊದಲೇ ಅವರು ಇದನ್ನು ಪ್ರಯೋಗದಿಂದ ಕಂಡುಕೊಂಡಿದ್ದರು ಅನ್ನೋದು ನನಗೆ ಈಗಲೂ ಬೆರಗು.

ಇದರ ಉಪಯೋಗ ನೋಡಿ. ಇಂಗಾಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುವಾಗ ಎಷ್ಟು ಶಾಖ ಬರುತ್ತದೆ? ನೇರವಾಗಿ ಅಳೆಯೋದು ಕಷ್ಟ. ಉರಿಸಿದರೆ ಸ್ವಲ್ಪ ಡೈಆಕ್ಸೈಡ್ ಆಗಿಯೇ ಆಗುತ್ತದೆ. ಆದರೆ ಇಂಗಾಲವನ್ನು ಪೂರ್ತಿ ಉರಿಸಬಹುದು: −393.5 ಕಿಲೋಜೌಲ್ (ಇಲ್ಲಿ ಮೈನಸ್ ಅಂದರೆ ಶಾಖ ಹೊರಗೆ ಬರುತ್ತದೆ ಅಂತ). ಮಾನಾಕ್ಸೈಡನ್ನು ಬೇರೆಯಾಗಿ ಉರಿಸಬಹುದು: −283.0. ಎರಡನೆಯದನ್ನು ತಿರುಗಿಸಿ ಕೂಡಿಸಿದರೆ −393.5 + 283.0, ಅಂದರೆ −110.5. ಸರಿಯಾಗಿ ಅಳೆಯೋಕೆ ಆಗದ್ದು ಎರಡು ಸಾಲಿನಲ್ಲಿ ಸಿಕ್ಕಿತು.

ಇದೇ ಥರ ಮೀಥೇನಿನ ಲೆಕ್ಕದಲ್ಲಿ ನಾನು ಓದುವ ದಿನಗಳಲ್ಲಿ ಒಂದು ತಪ್ಪು ಮಾಡಿದ್ದೆ. ಬೇಕಾಗಿದ್ದದ್ದು:

ಇಂಗಾಲ + 2 ಜಲಜನಕ → ಮೀಥೇನ್

ಕೈಯಲ್ಲಿದ್ದದ್ದು ಮೂರು ಉರಿಯುವ ಕ್ರಿಯೆಗಳು. ಇಂಗಾಲ ಉರಿದರೆ −393.5. ಜಲಜನಕ ಉರಿದು ನೀರಾದರೆ −285.8. ಮೀಥೇನ್ ಉರಿದು ಡೈಆಕ್ಸೈಡ್ ಮತ್ತು ಎರಡು ನೀರಾದರೆ −890.3. ಮೀಥೇನ್ ಬಲಗಡೆ ಬೇಕು, ಹಾಗಾಗಿ ಕೊನೆಯದನ್ನು ತಿರುಗಿಸಬೇಕು, ಚಿಹ್ನೆ ಬದಲಾಗಿ +890.3 ಆಗುತ್ತದೆ. ಜಲಜನಕ 2 ಬೇಕು, ಹಾಗಾಗಿ ಮಧ್ಯದ್ದನ್ನು 2ರಿಂದ ಗುಣಿಸಬೇಕು. ಇಷ್ಟೂ ಸರಿಯಾಗಿಯೇ ಮಾಡಿದ್ದೆ. ಆದರೆ ಜಲಜನಕದ ಸಂಖ್ಯೆಯನ್ನು ಕೋಷ್ಟಕದ ಇನ್ನೊಂದು ಸಾಲಿನಿಂದ ಎತ್ತಿಕೊಂಡಿದ್ದೆ: −241.8.

−393.5 − 483.6 + 890.3 = +13.2

ಬರಬೇಕಾದದ್ದು −74.8. ಸಂಖ್ಯೆ ಸ್ವಲ್ಪ ಆಚೀಚೆ ಆಗಿದ್ದರೆ ಇರಲಿ ಅನ್ನಬಹುದಿತ್ತು. ಇಲ್ಲಿ ಚಿಹ್ನೆಯೇ ತಿರುಗಿತ್ತು. ಶಾಖ ಕೊಡುವ ಕ್ರಿಯೆ ಶಾಖ ಹೀರುವ ಕ್ರಿಯೆ ಆಗಿಬಿಟ್ಟಿತ್ತು. ತಿರುಗಿಸಿದ್ದು ಸರಿ, ಗುಣಿಸಿದ್ದು ಸರಿ, ಎಲ್ಲಿ ತಪ್ಪಿತು ಅಂತ ಒಂದು ಸಂಜೆ ಪೂರ್ತಿ ಹುಡುಕಿದೆ. ಕೊನೆಗೆ ಎರಡು ಉತ್ತರಗಳ ವ್ಯತ್ಯಾಸ ತೆಗೆದೆ: 88.0. ಅದು ಎರಡು ಸಲ 44.0. ಒಂದು ಮೋಲ್ ನೀರು ಆವಿಯಾಗೋಕೆ ಬೇಕಾದ ಶಾಖ 44.0 ಕಿಲೋಜೌಲ್. ಆಗ ಹೊಳೆಯಿತು. −241.8 ಅನ್ನೋದು ನೀರಾವಿಯದ್ದು. ಮೀಥೇನಿನ ಸಂಖ್ಯೆ ದ್ರವ ನೀರಿನದ್ದು. ಎಡಗಡೆ ಇದ್ದದ್ದು ಎರಡು ದ್ರವ, ಬಲಗಡೆ ಇದ್ದದ್ದು ಎರಡು ಆವಿ. ಎರಡಕ್ಕೂ "ನೀರು" ಅಂತಲೇ ಬರೆದು ಒಂದಕ್ಕೊಂದು ಹೊಡೆದು ಹಾಕಿದ್ದೆ.

ಹೆಸರು ಒಂದೇ ಆದರೆ ಸಾಲದು, ಸ್ಥಿತಿಯೂ ಒಂದೇ ಆಗಿರಬೇಕು. ನನ್ನ ಪಟ್ಟಿಯಲ್ಲಿ ಈಗ ದ್ರವ ನೀರಿಗೆ ಒಂದು ಸಾಲು, ನೀರಾವಿಗೆ ಬೇರೆ ಸಾಲು. ಗ್ರಾಫೈಟಿಗೆ ಒಂದು ಸಾಲು, ವಜ್ರಕ್ಕೆ ಬೇರೆ ಸಾಲು. ಎರಡೂ ಇಂಗಾಲವೇ, ಆದರೆ ವಜ್ರ ಉರಿದಾಗ 395.4, ಗ್ರಾಫೈಟ್ ಉರಿದಾಗ 393.5. ಆ 1.9 ಕಿಲೋಜೌಲ್ ವಜ್ರ ಗ್ರಾಫೈಟ್ ಆಗುವ ಕ್ರಿಯೆಯ ಶಾಖ. ಅದನ್ನು ಯಾರೂ ಕಾದು ಕೂತು ಅಳೆಯಬೇಕಾಗಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕೂಡುವ ಸಂಖ್ಯೆಗಳ ಬಗ್ಗೆ. ಎಲ್ಲ ಸಂಖ್ಯೆಗಳೂ ಹಾಗೆ ಕೂಡುವುದಿಲ್ಲ. ಕ್ರಿಯೆ ಎಷ್ಟು ದೂರ ಮುಂದೆ ಹೋಗಿ ನಿಲ್ಲುತ್ತದೆ ಅನ್ನೋದನ್ನು ಹೇಳುವ ಸಮತೋಲನ ಸ್ಥಿರಾಂಕದ ವಿಷಯ ಸುಲಭ. ಸಮೀಕರಣ ಕೂಡಿಸಿದರೆ ಸ್ಥಿರಾಂಕಗಳನ್ನು ಗುಣಿಸಬೇಕು, ತಿರುಗಿಸಿದರೆ ತಲೆಕೆಳಗು ಮಾಡಬೇಕು, ಇಮ್ಮಡಿ ಮಾಡಿದರೆ ವರ್ಗ ಮಾಡಬೇಕು. ಸಿಲ್ವರ್ ಕ್ಲೋರೈಡ್ ನೀರಿನಲ್ಲಿ ಕರಗೋದೇ ಇಲ್ಲ ಅನ್ನಬಹುದು, ಸ್ಥಿರಾಂಕ 1.8 × 10⁻¹⁰. ಬೆಳ್ಳಿಯ ಅಯಾನನ್ನು (ಆವೇಶವಿರುವ ಪರಮಾಣು) ಎರಡು ಅಮೋನಿಯ ಹಿಡಿದುಕೊಳ್ಳುವ ಕ್ರಿಯೆಯದ್ದು 1.7 × 10⁷. ಎರಡನ್ನೂ ಕೂಡಿಸಿದರೆ ಸಿಲ್ವರ್ ಕ್ಲೋರೈಡ್ ಅಮೋನಿಯದಲ್ಲಿ ಕರಗುವ ಕ್ರಿಯೆ, ಗುಣಿಸಿದರೆ ಸುಮಾರು 0.003. ಪ್ರಯೋಗಾಲಯದಲ್ಲಿ ಬಿಳಿ ಗಸಿಯ ಮೇಲೆ ಅಮೋನಿಯ ಹಾಕಿದಾಗ ಅದು ತಿಳಿಯಾಗುತ್ತಾ ಹೋಗೋದನ್ನು ಕಂಡವರಿಗೆ ಆ ಎರಡು ಸಾಲುಗಳು ಕಣ್ಣೆದುರಿಗೇ ಕೂಡುತ್ತಿವೆ ಅನ್ನಿಸುತ್ತದೆ.

ಎಡವೋದು ವೋಲ್ಟಿನಲ್ಲಿ. ಕಬ್ಬಿಣದ ಎರಡು ಅರ್ಧ ಕ್ರಿಯೆ, ಅಂದರೆ ಎಲೆಕ್ಟ್ರಾನ್ ಪಡೆಯುವ ಭಾಗವನ್ನಷ್ಟೇ ಬರೆದ ಸಾಲುಗಳನ್ನು ತಗೊಳ್ಳಿ. ಮೂರು ಧನ ಆವೇಶದ ಕಬ್ಬಿಣ ಒಂದು ಎಲೆಕ್ಟ್ರಾನ್ ಪಡೆದು ಎರಡು ಆವೇಶದ್ದಾಗೋದು, +0.77 ವೋಲ್ಟ್. ಎರಡು ಆವೇಶದ್ದು ಎರಡು ಎಲೆಕ್ಟ್ರಾನ್ ಪಡೆದು ಲೋಹವಾಗೋದು, −0.44 ವೋಲ್ಟ್. ಸಮೀಕರಣ ಕೂಡಿಸಿದರೆ ಮೂರು ಆವೇಶದ ಕಬ್ಬಿಣ ಮೂರು ಎಲೆಕ್ಟ್ರಾನ್ ಪಡೆದು ಲೋಹವಾಗುತ್ತದೆ. ವೋಲ್ಟನ್ನೂ ಹಾಗೇ ಕೂಡಿಸಿದರೆ +0.33 ಬರುತ್ತದೆ. ಅದು ತಪ್ಪು. ವೋಲ್ಟ್ ಅಂದರೆ ಒಂದೊಂದು ಎಲೆಕ್ಟ್ರಾನಿನ ಪಾಲಿಗೆ ಬರುವ ಶಕ್ತಿಯ ಲೆಕ್ಕ. ಮೊದಲು ಎಲೆಕ್ಟ್ರಾನುಗಳ ಸಂಖ್ಯೆಯಿಂದ ಗುಣಿಸಿ ಶಕ್ತಿಗೆ ತರಬೇಕು, ಕೂಡಿಸಬೇಕು, ಆಮೇಲೆ ಒಟ್ಟು ಎಲೆಕ್ಟ್ರಾನುಗಳಿಂದ ಭಾಗಿಸಬೇಕು. 0.77 − 0.88 = −0.11, ಅದನ್ನು 3ರಿಂದ ಭಾಗಿಸಿದರೆ ಸುಮಾರು −0.04. ಇಲ್ಲೂ ಚಿಹ್ನೆಯೇ ಬೇರೆ.

ಎಲೆಕ್ಟ್ರಾನುಗಳು ಪೂರ್ತಿ ಹೊಡೆದು ಹೋಗುವ ಕಡೆ ಈ ತೊಂದರೆ ಇಲ್ಲ. ಪರ್ಮಾಂಗನೇಟ್ 5 ಎಲೆಕ್ಟ್ರಾನ್ ಕೇಳುತ್ತದೆ, ಕಬ್ಬಿಣದ ಅಯಾನು ಒಂದೊಂದೇ ಕೊಡುತ್ತದೆ. ಕಬ್ಬಿಣದ ಸಾಲನ್ನು 5ರಿಂದ ಗುಣಿಸುತ್ತೇವೆ, ಆದರೆ ಅದರ ವೋಲ್ಟನ್ನು ಗುಣಿಸುವುದಿಲ್ಲ. ಪರ್ಮಾಂಗನೇಟಿನದ್ದು 1.51 ವೋಲ್ಟ್. 1.51 − 0.77 = 0.74, ಅಷ್ಟೇ. ಒಂದು ಕಡೆ ಗುಣಿಸು, ಇನ್ನೊಂದು ಕಡೆ ಗುಣಿಸಬೇಡ ಅನ್ನೋದು ಮೊದಮೊದಲು ಮನಸ್ಸಿಗೆ ಹಿಡಿಯೋದಿಲ್ಲ. ಎರಡೂ ಕಡೆ ಶಕ್ತಿಯ ಲೆಕ್ಕವನ್ನೇ ಒಮ್ಮೆ ಪೂರ್ತಿ ಬರೆದು ನೋಡಿದರೆ, ಇಲ್ಲಿ 5 ಮೇಲೂ ಕೆಳಗೂ ಬಂದು ಹೋಗೋದು ಕಾಣುತ್ತದೆ. ನಾನು ಹಾಗೆ ಬರೆದ ಮೇಲೆಯೇ ನನಗೆ ಗೊಂದಲ ಹೋದದ್ದು.

ಇನ್ನು, ಹೊಡೆದು ಹಾಕಿದ ವಸ್ತುಗಳ ಬಗ್ಗೆ ಒಂದು ಮಾತು ಹೇಳಲೇಬೇಕು.

ಕ್ಲೋರಿನ್ ಪರಮಾಣು + ಓಜೋನ್ → ಕ್ಲೋರಿನ್ ಮಾನಾಕ್ಸೈಡ್ + ಆಮ್ಲಜನಕ
ಕ್ಲೋರಿನ್ ಮಾನಾಕ್ಸೈಡ್ + ಆಮ್ಲಜನಕ ಪರಮಾಣು → ಕ್ಲೋರಿನ್ ಪರಮಾಣು + ಆಮ್ಲಜನಕ

ಕೂಡಿಸಿ. ಉಳಿಯೋದು ಓಜೋನ್ ಮತ್ತು ಒಂದು ಆಮ್ಲಜನಕ ಪರಮಾಣು ಸೇರಿ ಎರಡು ಆಮ್ಲಜನಕ ಅಣು ಆಗೋದು. ಕ್ಲೋರಿನ್ ಎಲ್ಲೂ ಇಲ್ಲ. ಆದರೆ ಓಜೋನ್ ಪದರ ಸವೆಯೋಕೆ ಕಾರಣವೇ ಅದು. ಒಂದು ಕ್ಲೋರಿನ್ ಪರಮಾಣು ಖರ್ಚಾಗದೆ ಮತ್ತೆ ಮತ್ತೆ ಅದೇ ಕೆಲಸಕ್ಕೆ ವಾಪಸ್ ಬರುತ್ತದೆ. 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲಂಡ್ ಎಚ್ಚರಿಸಿದ್ದು ಇದನ್ನೇ. 1987ರಲ್ಲಿ ಓಜೋನ್ ಸವೆಸುವ ವಸ್ತುಗಳನ್ನು ತಡೆಯುವ ಮಾಂಟ್ರಿಯಲ್ ಒಪ್ಪಂದ ಆಯಿತು, 1995ರಲ್ಲಿ ಅವರಿಗೆ ಪೌಲ್ ಕ್ರುಟ್ಜೆನ್ ಜೊತೆ ನೊಬೆಲ್ ಬಂತು. ಒಟ್ಟು ಸಮೀಕರಣವೊಂದನ್ನೇ ನೋಡುತ್ತಾ ಕೂತಿದ್ದರೆ ತಪ್ಪಿತಸ್ಥ ಯಾರು ಅಂತ ಗೊತ್ತೇ ಆಗುತ್ತಿರಲಿಲ್ಲ.

ಹಾಗಾಗಿ ಹೊಡೆದು ಹಾಕಿದ ಹೆಸರುಗಳನ್ನು ನಾನು ಅಳಿಸುವುದಿಲ್ಲ. ಪಟ್ಟಿಯ ಕೆಳಗೆ "ಒಳಗೇ ಸುತ್ತುವವು" ಅಂತ ಬರೆದು ಅಲ್ಲಿ ಇಡುತ್ತೇನೆ. ನೈಟ್ರಿಕ್ ಆಮ್ಲದ ಹಾಳೆಯಲ್ಲಿ ನೈಟ್ರಿಕ್ ಆಕ್ಸೈಡ್ ಇದೆ. ಗಂಧಕಾಮ್ಲದ ಹಾಳೆ ಇನ್ನೂ ಸ್ವಾರಸ್ಯ, ಯಾಕೆಂದರೆ ಅಲ್ಲಿ ಸುತ್ತೋದು ಗಂಧಕಾಮ್ಲವೇ. ಗಂಧಕದ ಟ್ರೈಆಕ್ಸೈಡನ್ನು ನೇರವಾಗಿ ನೀರಿಗೆ ಬಿಟ್ಟರೆ ಆಮ್ಲದ ಮಂಜು ಎದ್ದುಬಿಡುತ್ತದೆ, ಹಿಡಿಯೋಕೆ ಆಗೋದಿಲ್ಲ. ಅದಕ್ಕೆ ಮೊದಲೇ ಇರುವ ಆಮ್ಲದಲ್ಲಿ ಹೀರಿಸಿ ಆಮೇಲೆ ನೀರು ಸೇರಿಸುತ್ತಾರೆ. ಒಂದು ಆಮ್ಲ ಹಾಕಿ ಎರಡು ತೆಗೆಯೋದು. ಕೂಡಿಸುವಾಗ ಒಂದಕ್ಕೆ ಒಂದು ಹೋಗಿ ಒಂದು ಉಳಿಯುತ್ತದೆ. ಎರಡೂ ಕಡೆ ಇದೆ ಅಂತ ಪೂರ್ತಿ ಹೊಡೆದು ಹಾಕಿದರೆ ತಯಾರಾದ ಮಾಲೇ ಮಾಯವಾಗುತ್ತದೆ.

ಕೈ ಪಳಗಿಸಿಕೊಳ್ಳಬೇಕು ಅನ್ನುವವರಿಗೆ ನಾನು ಕೊಡೋದು ಒಂದೇ ಲೆಕ್ಕ, 1861ರಲ್ಲಿ ಅರ್ನೆಸ್ಟ್ ಸಾಲ್ವೆ ರೂಪಿಸಿದ ಸೋಡಾ ತಯಾರಿಕೆ. ಐದು ಹಂತ.

ಸುಣ್ಣದಕಲ್ಲು → ಸುಟ್ಟ ಸುಣ್ಣ + ಕಾರ್ಬನ್ ಡೈಆಕ್ಸೈಡ್
ಸುಟ್ಟ ಸುಣ್ಣ + ನೀರು → ಅರಳಿದ ಸುಣ್ಣ
ಉಪ್ಪು + ಅಮೋನಿಯ + ಕಾರ್ಬನ್ ಡೈಆಕ್ಸೈಡ್ + ನೀರು → ಸೋಡಿಯಂ ಬೈಕಾರ್ಬೊನೇಟ್ + ಅಮೋನಿಯಂ ಕ್ಲೋರೈಡ್
2 ಸೋಡಿಯಂ ಬೈಕಾರ್ಬೊನೇಟ್ → ಸೋಡಿಯಂ ಕಾರ್ಬೊನೇಟ್ + ನೀರು + ಕಾರ್ಬನ್ ಡೈಆಕ್ಸೈಡ್
2 ಅಮೋನಿಯಂ ಕ್ಲೋರೈಡ್ + ಅರಳಿದ ಸುಣ್ಣ → ಕ್ಯಾಲ್ಸಿಯಂ ಕ್ಲೋರೈಡ್ + 2 ಅಮೋನಿಯ + 2 ನೀರು

ಬೈಕಾರ್ಬೊನೇಟ್ ಎರಡೇ ಸಾಲಿನಲ್ಲಿದೆ, ಅಲ್ಲಿಂದ ಶುರು ಮಾಡಿ. ಮೂರನೆಯದು 2 ಸಲ, ಉಳಿದದ್ದೆಲ್ಲ ಒಂದೊಂದು ಸಲ. ನೀರಿನ ಸಾಲು ನೋಡಿ: ಖರ್ಚು 1 + 2, ಹುಟ್ಟಿದ್ದು 1 + 2. ಡೈಆಕ್ಸೈಡ್: ಖರ್ಚು 2, ಹುಟ್ಟಿದ್ದು 1 + 1. ಅಮೋನಿಯ: 2ಕ್ಕೆ 2. ಒಂದಾದ ಮೇಲೊಂದು ಸೊನ್ನೆ ಆಗುತ್ತಾ ಬರುತ್ತವೆ. ಉಳಿಯೋದು:

ಸುಣ್ಣದಕಲ್ಲು + 2 ಉಪ್ಪು → ಸೋಡಿಯಂ ಕಾರ್ಬೊನೇಟ್ + ಕ್ಯಾಲ್ಸಿಯಂ ಕ್ಲೋರೈಡ್

ಈ ಸಾಲು ಬಂದ ಮೇಲೆ ಎರಡು ಬೀಕರ್ ತರಿಸುತ್ತೇನೆ. ಒಂದರಲ್ಲಿ ಉಪ್ಪುನೀರಿಗೆ ಸುಣ್ಣದಕಲ್ಲಿನ ಪುಡಿ ಹಾಕಿ ಕಲಕಿಸುತ್ತೇನೆ. ಪುಡಿ ತಳದಲ್ಲಿ ಹಾಗೇ ಕೂರುತ್ತದೆ, ಎಷ್ಟು ಹೊತ್ತು ಬಿಟ್ಟರೂ ಏನೂ ಆಗೋದಿಲ್ಲ. ಇನ್ನೊಂದರಲ್ಲಿ ಬಲಗಡೆಯ ಎರಡನ್ನು ಬೆರೆಸುತ್ತೇನೆ, ಸೋಡಿಯಂ ಕಾರ್ಬೊನೇಟಿನ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣ. ಸುರಿದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಗಿ ಸುಣ್ಣದಕಲ್ಲಿನ ಗಸಿ ಇಳಿಯುತ್ತದೆ. ನಾವು ಬರೆದ ಸಾಲಿನ ಬಾಣ ಬಲಕ್ಕಿದೆ, ಬೀಕರಿನಲ್ಲಿ ಎಲ್ಲ ಎಡಕ್ಕೆ ಹೋಗುತ್ತಿದೆ. ವಿದ್ಯಾರ್ಥಿಗಳು ಒಂದು ಕ್ಷಣ ಬೀಕರ್ ನೋಡುತ್ತಾರೆ, ಆಮೇಲೆ ಪಟ್ಟಿಯ ಕೆಳಗಿನ "ಒಳಗೇ ಸುತ್ತುವವು" ಸಾಲಿಗೆ ವಾಪಸ್ ಬರುತ್ತಾರೆ. ಅಲ್ಲಿ ಅಮೋನಿಯ ಇದೆ. ಅದರ ಪಕ್ಕದಲ್ಲಿ ಸುಣ್ಣದ ಗೂಡಿನ ಬೆಂಕಿಯನ್ನೂ ಬರೆಯಬೇಕು ಅಲ್ವಾ ಅಂತ ಯಾರಾದರೂ ಒಬ್ಬರು ಕೇಳುತ್ತಾರೆ.